ಇಪ್ಪತ್ತು ಸಾವಿರ ಡಾಲರಿನ ಟೇಪು

ಹಳೆಯ ತಂತ್ರಾಂಶದ ಹುಚ್ಚು ಹಿಡಿದವರು ಕೋಡ್ ಓದಿದಷ್ಟೇ ಆಸ್ಥೆಯಿಂದ ಅದರ ಲೈಸೆನ್ಸ್ ಕರಾರುಗಳನ್ನೂ ಓದುತ್ತಾರೆ. ಬೆಲ್ ಲ್ಯಾಬ್ಸ್ ರೂಪಿಸಿದ ಆಪರೇಟಿಂಗ್ ಸಿಸ್ಟಮ್ ಯುನಿಕ್ಸ್ ವಿಷಯದಲ್ಲಂತೂ ಒಮ್ಮೊಮ್ಮೆ ಕರಾರೇ ಹೆಚ್ಚು ಸ್ವಾರಸ್ಯ.

1975ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀವ್ ಹೋಮ್‌ಗ್ರೆನ್ ಅರ್ಪಾನೆಟ್ ಬಳಗಕ್ಕೊಂದು ಟಿಪ್ಪಣಿ ಬರೆದರು. ಅದೇ ಆರ್‌ಎಫ್‌ಸಿ 681. ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ನಡೆಯುತ್ತಿದ್ದ ಆ ಜಾಲಕ್ಕೆ ಪಿಡಿಪಿ-11 ಯಂತ್ರವನ್ನು ಯುನಿಕ್ಸ್ ಮೂಲಕ ಜೋಡಿಸಿದ ಬಗೆ ಅದರಲ್ಲಿದೆ. ಜತೆಗೆ ಯುನಿಕ್ಸ್ ಲೈಸೆನ್ಸಿನ ದರವೂ ಇದೆ. ವಿಶ್ವವಿದ್ಯಾಲಯಕ್ಕೆ 150 ಡಾಲರ್, ಉಳಿದವರಿಗೆ 20,000! ಜಾಲ ನಡೆಸುತ್ತಿದ್ದ ರಕ್ಷಣಾ ಇಲಾಖೆಯ ಅಂಗ ಅರ್ಪಾದ ಗುತ್ತಿಗೆ ಹಿಡಿದವರಲ್ಲಿ ವಿಶ್ವವಿದ್ಯಾಲಯಗಳೂ ಇದ್ದವು, ಬಿಬಿಎನ್‌ನಂಥ ಕಂಪನಿಗಳೂ ಇದ್ದವು. ಹಣ ಕೊಡುವ ಧಣಿ ಒಬ್ಬನೇ, ಜಾಲವೂ ಒಂದೇ, ಬೆಲೆಯಲ್ಲಿ ಮಾತ್ರ ಸುಮಾರು ನೂರಮೂವತ್ತು ಪಟ್ಟು ಅಂತರ. ಇಡೀ ಅರ್ಪಾನೆಟ್‌ಗೆ ಒಂದೇ ಲೈಸೆನ್ಸ್ ಕೊಡುವ ಬಗ್ಗೆ ಬೆಲ್ ಲ್ಯಾಬ್ಸ್ ಸಲಹೆ ಕೇಳಲು ಸಿದ್ಧವಿದೆ ಎಂದೂ ಟಿಪ್ಪಣಿ ತಿಳಿಸುತ್ತದೆ.

ಇಷ್ಟು ತೆತ್ತವರ ಕೈಗೆ ಬರುತ್ತಿದ್ದುದು ಮೂಲ ಕೋಡ್. ಆರನೇ ಆವೃತ್ತಿಯ ಕರ್ನಲ್ ಎಂದರೆ ಸುಮಾರು 9,000 ಸಾಲು. ದುರಸ್ತಿ ಇಲ್ಲ, ನೆರವಿಲ್ಲ. ದುಡ್ಡು ಮಾತ್ರ ಮುಂಗಡ. ಇದನ್ನು ಬರೀ ಜಿಪುಣತನ ಎನ್ನುವಂತಿಲ್ಲ. ದೂರಸಂಪರ್ಕ ಬಿಟ್ಟು ಬೇರೆ ವ್ಯಾಪಾರಕ್ಕೆ ಕೈಹಾಕದಂತೆ 1956ರ ನ್ಯಾಯಾಲಯದ ಒಪ್ಪಂದ ಬೆಲ್ ಲ್ಯಾಬ್ಸ್ ಒಡೆಯ ಎಟಿ ಅಂಡ್ ಟಿ ಕಂಪನಿಯನ್ನು ಕಟ್ಟಿಹಾಕಿತ್ತು. ಹಾಗಾಗಿ ಅಂಗಡಿ ತೆರೆಯದೆ, ಅಂಗಸಂಸ್ಥೆ ವೆಸ್ಟರ್ನ್ ಎಲೆಕ್ಟ್ರಿಕ್ ಮೂಲಕ ಲೈಸೆನ್ಸ್ ಕೊಟ್ಟು ಸುಮ್ಮನಾಗುತ್ತಿತ್ತು. ಕೇಳುವವರಿಲ್ಲದ ಬಳಕೆದಾರರು ತಾವೇ ತಪ್ಪು ತಿದ್ದಿ, ತಿದ್ದಿದ್ದನ್ನು ಲೈಸೆನ್ಸ್ ಇದ್ದ ಇತರರಿಗೆ ದಾಟಿಸಿದರು. ಯುನಿಕ್ಸ್ ಬೆಳೆದದ್ದು ಈ ಅಲಕ್ಷ್ಯದಿಂದಲೇ.

ನಿಜವಾದ ಕಗ್ಗಂಟು ಬಿದ್ದದ್ದು 1980ರಲ್ಲಿ. ತನ್ನ ಸಂಶೋಧಕರೆಲ್ಲ ಒಂದೇ ಆಪರೇಟಿಂಗ್ ಸಿಸ್ಟಮ್ ಬಳಸಲಿ ಎಂದು ಡಾರ್ಪಾ (ಹಿಂದಿನ ಅರ್ಪಾ) ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಗುತ್ತಿಗೆ ಕೊಟ್ಟಿತು. ಕೆಲಸಕ್ಕೆ ಸರ್ಕಾರದ ಹಣ, ಬುನಾದಿ ಮಾತ್ರ ಎಟಿ ಅಂಡ್ ಟಿ ಸೊತ್ತು. ಹಾಗಾಗಿ ಬರ್ಕ್ಲಿಯ ಟೇಪು ಬೇಕೆಂದರೆ ಮೊದಲು ಎಟಿ ಅಂಡ್ ಟಿ ಲೈಸೆನ್ಸ್ ಇರಬೇಕಿತ್ತು. ತೆರಿಗೆದಾರನ ಮಟ್ಟಿಗೆ ಇದು ಕೆಟ್ಟ ವ್ಯವಹಾರವೇ. ಮುಂದೆ ಲೈಸೆನ್ಸ್ ದರವೂ ಏರುತ್ತಾ ಹೋಯಿತು.

1989ರ ಜೂನ್‌ನಲ್ಲಿ ಬರ್ಕ್ಲಿ ತಾನೇ ಬೆಳೆಸಿದ್ದ ಜಾಲಸಂಪರ್ಕದ ಕೋಡನ್ನು ಬೇರ್ಪಡಿಸಿ, 1,000 ಡಾಲರಿಗೆ ಟೇಪು ಕೊಟ್ಟಿತು. ಎಟಿ ಅಂಡ್ ಟಿ ಲೈಸೆನ್ಸ್ ಬೇಕಿರಲಿಲ್ಲ. ಕೊಂಡವರು ಯಾರಿಗೆ ಬೇಕಾದರೂ ಹಂಚಬಹುದಿತ್ತು. ಇದೇ ದಾರಿಯ ಮುಂದಿನ ಹೆಜ್ಜೆಯಾದ ಇನ್ನೂ ದೊಡ್ಡ ಬಿಡುಗಡೆ 1992ರಲ್ಲಿ ಕೋರ್ಟು ಹತ್ತಿತು. 1994ರಲ್ಲಿ ರಾಜಿಯಾದಾಗ ಅದರ 18,000 ಕಡತಗಳಲ್ಲಿ ತೆಗೆಯಬೇಕಾಗಿ ಬಂದದ್ದು ಮೂರೇ ಮೂರು.

ಆ ದುಬಾರಿ ಆರನೇ ಆವೃತ್ತಿಯನ್ನು 2002ರ ಜನವರಿಯಲ್ಲಿ ಕ್ಯಾಲ್ಡೆರಾ ಕಂಪನಿ ಮುಕ್ತ ಲೈಸೆನ್ಸ್‌ಗೆ ಒಳಪಡಿಸಿತು. ಈಗ ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಂಡು ಸಿಮ್‌ಎಚ್ ಎಮ್ಯುಲೇಟರಿನಲ್ಲಿ ಓಡಿಸಬಹುದು. ಓದಲು ಕೂರುವವರು ಅದರ ಕರ್ನಲ್ಲಿನ ಎಸ್‌ಎಲ್‌ಪಿ.ಸಿ ಕಡತದಿಂದ ಶುರುಮಾಡಲಿ.