ಗಣಕಯಂತ್ರದ ಪೆಟ್ಟಿಗೆಯ ಒಳರಚನೆ: ಬೀದರ ಸೀಮೆಯ ದೃಷ್ಟಿಯಿಂದ ಒಂದು ವಿಮರ್ಶೆ

ಮೇಜಿನ ಗಣಕಯಂತ್ರದ ಪೆಟ್ಟಿಗೆಯನ್ನು ಹೊರಮೈ ನೋಡಿ ಬೆಲೆಗಟ್ಟುವ ರೂಢಿಯು ಬಲವಾಗಿದೆ. ಗಾಜಿನ ಪಕ್ಕ, ಬಣ್ಣದ ದೀಪ, ಇವು ಅಂಗಡಿಯಲ್ಲಿ ಕಣ್ಸೆಳೆಯತಕ್ಕವು. ಪೆಟ್ಟಿಗೆಯ ಗುಣದೋಷಗಳಾದರೋ ಅದರ ಒಡಲೊಳಗೆ ಗಾಳಿಯು ಎತ್ತಣಿಂದ ಬಂದು ಎತ್ತ ಹೋಗುವುದೆಂಬುದರಲ್ಲಿ ಅಡಗಿರುವುವು. ಬೀದರ ಪಟ್ಟಣವಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ, ಅಲ್ಲಿ ಕೆಂಧೂಳು. ಭಾಲ್ಕಿ, ಔರಾದಗಳ ಕಡೆಗೆ ಎರೆಮಣ್ಣಿನ ಹುಡಿ. ಬೇಸಗೆಯಲ್ಲಿ ಉಷ್ಣಮಾನವು 40 ಅಂಶಗಳನ್ನು ಮುಟ್ಟುವುದು. ‘ಭೂಮಿ’ ಯೋಜನೆಯು ಈ ಶತಮಾನದ ಆರಂಭದಲ್ಲಿ ಆಗಿನ 177 ತಾಲೂಕುಗಳ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ ಕೈಬರಹದ ಪಹಣಿಯನ್ನು ನಿಲ್ಲಿಸಿದಂದಿನಿಂದ, ರೈತನ ಸಾಲದ ಕಾಗದವು ಸಹ ತಾಲೂಕು ಕಚೇರಿಯ ಯಂತ್ರದ ಆರೋಗ್ಯವನ್ನು ಅವಲಂಬಿಸಿದೆ. ಆದುದರಿಂದ ಈ ವಿಚಾರವು ಕೇವಲ ಹವ್ಯಾಸಿಗಳದೆನ್ನಲಾಗದು.

ಈಗ ಬಳಕೆಯಲ್ಲಿರುವ ಬಹುತೇಕ ಪೆಟ್ಟಿಗೆಗಳಿಗೆ ಇಂಟೆಲ್ ಸಂಸ್ಥೆಯು 1995ರಲ್ಲಿ ಪ್ರಕಟಿಸಿದ ಎಟಿಎಕ್ಸ್ ಕ್ರಮವೇ ಆಧಾರ. ಇದರ ಪೂರ್ಣಗಾತ್ರದ ಮದರ್‌ಬೋರ್ಡು 305 × 244 ಮಿಲಿಮೀಟರಿನದು. ಮೂಲಸಂಕಲ್ಪದಲ್ಲಿ, ವಿದ್ಯುತ್ತನ್ನೊದಗಿಸುವ ಡಬ್ಬಿಯ ಪಂಖವು ಹೊರಗಣ ಗಾಳಿಯನ್ನು ಒಳಕ್ಕೆ ನೂಕಿ ಪ್ರಾಸೆಸರಿನ ಮೇಲೆ ಬೀಸಬೇಕಾಗಿತ್ತು. ಡಬ್ಬಿಯಲ್ಲಿಯೇ ಕಾದ ಗಾಳಿಯು ಪ್ರಾಸೆಸರಿಗೆ ತಂಪನ್ನೀಯಲಾರದೆಂಬ ಕಾರಣದಿಂದ ಆ ದಿಕ್ಕನ್ನು ತಿರುಗಿಸಲಾಯಿತು. ತಂಪಿನ ಮಟ್ಟಿಗೆ ಇದು ಸರಿಯೇ. ಆದರೆ ಗಾಳಿಯನ್ನು ಹೊರಕ್ಕೆಳೆಯುವ ಪಂಖವೊಂದೇ ಇದ್ದಲ್ಲಿ ಒಳಗಣ ಒತ್ತಡವು ಕುಗ್ಗಿ, ಪ್ರತಿಯೊಂದು ಸಂದೂ ಧೂಳಿಗೆ ಬಾಗಿಲಾಗುವುದು. ಶುಚಿಯಾದ ತಂಪುಕೋಣೆಯಲ್ಲಿ ಕಾಣದ ಈ ದೋಷವು ಔರಾದದಂಥ ಊರಿನಲ್ಲಿ ಬೇಗನೆ ಕಾಣುವುದು: ಲೋಹದ ರೆಕ್ಕೆಗಳ ನಡುವೆ ಹುಡಿಯು ಕಂಬಳಿಯಂತೆ ಹೆಪ್ಪುಗಟ್ಟುವುದು. 2004ರಲ್ಲಿ ಬಂದ ಬಿಟಿಎಕ್ಸ್ ಕ್ರಮವು ಪ್ರಾಸೆಸರನ್ನು ಮುಂಭಾಗದ ಗಾಳಿಗೆ ನೇರವಾಗಿ ಒಡ್ಡಿತು. ವಿವೇಕದ ರಚನೆ, ಆದರೂ ಬಾಳಲಿಲ್ಲ.

ಈಚಿನ ಪೆಟ್ಟಿಗೆಗಳಲ್ಲಿ ವಿದ್ಯುತ್ತಿನ ಡಬ್ಬಿಯನ್ನು ತಳಕ್ಕಿಳಿಸಿ, ಅದಕ್ಕೆ ತಳದಿಂದಲೇ ಗಾಳಿಯನ್ನು ಕೊಡುವರು. ಮೇಲಣ ಬಿಸಿಗಾಳಿಯಿಂದ ಅದು ಪಾರಾಗುವುದೆಂಬುದು ನಿಜ. ಆದರೆ ಪೆಟ್ಟಿಗೆಯನ್ನು ನೆಲದ ಮೇಲಿರಿಸಿ ದಿನವೂ ಕಸಬರಿಗೆಯಿಂದ ಗುಡಿಸುವ ಕಚೇರಿಯಲ್ಲಿ ಈ ಉಪಾಯವು ಧೂಳನ್ನು ಆಮಂತ್ರಿಸಿದಂತೆಯೇ ಸರಿ. ಈ ದೇಶದ ವಾಡಿಕೆಯನ್ನು ಕಾಣದ ರಚನೆ ಇದೆನ್ನದೆ ವಿಧಿಯಿಲ್ಲ.

ಬೀದರದಲ್ಲಿ ಮಹಮೂದ ಗವಾನನು ಕಟ್ಟಿಸಿ 1472ರಲ್ಲಿ ಮುಗಿದ ಮದರಸದ ಕೊಠಡಿಗಳು ನಡುವಣ ಬಯಲನ್ನು ಸುತ್ತುವರಿದಿವೆ. ಬಯಲನ್ನು ಆ ಶಿಲ್ಪಿಗಳು ವ್ಯರ್ಥಸ್ಥಳವೆಂದೆಣಿಸಲಿಲ್ಲ. ಅಗ್ಗದ ಪೆಟ್ಟಿಗೆಗಳಲ್ಲಾದರೋ ಆ ಬಯಲನ್ನು ತಂತಿಗಳ ಗೋಜಲು ತುಂಬಿರುವುದು. ತಂತಿಗಳನ್ನು ಮದರ್‌ಬೋರ್ಡಿನ ಹಿಂಬದಿಗೆ ಒಯ್ಯಲು ಎರಡು ಅಂಗುಲಕ್ಕಿಂತ ಕಡಿಮೆ ಎಡೆಯೇ ಸಾಕು. ಅದನ್ನು ಅಲಂಕಾರವೆಂದು ಜರೆಯುವುದು ತಪ್ಪು.

ಈ ಸೀಮೆಗೆ ಒಪ್ಪುವುದು, ಮುಂದೆ 120 ಮಿಲಿಮೀಟರಿನ ಎರಡು ಪಂಖಗಳು ಜಾಲರಿಯ ಮೂಲಕ ಒಳಸೇದಿ, ಹಿಂದೆ ಅಂಥದೇ ಒಂದು ಹೊರದೂಡುವ ಪೆಟ್ಟಿಗೆ. ಒಳಬರುವುದು ಹೆಚ್ಚಾದುದರಿಂದ ಸಂದುಗಳಲ್ಲಿ ಗಾಳಿಯು ಹೊರಕ್ಕೆ ಸೂಸುವುದು. ಜಾಲರಿಯು ಕಟ್ಟಿಕೊಂಡರೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗಾಗುವುದು. ಆದುದರಿಂದ ಅದು ತಿರುಪು ಬಿಚ್ಚದೆ ಮುಂಗಡೆಯಿಂದಲೇ ಕೈಗೆ ಬರುವಂತಿರಬೇಕು. ಪೆಟ್ಟಿಗೆಯನ್ನು ಮಗುಚಿ ತೆಗೆಯಬೇಕಾದ ಜಾಲರಿಯನ್ನು ಯಾವ ಗುಮಾಸ್ತನೂ ತೊಳೆಯಲಾರನು.