ಸಹಿ ಇಲ್ಲದ ಬೆಂಬಲ

ಕನ್ನಡ ದಿನಪತ್ರಿಕೆಗಳು ಚುನಾವಣೆಯಲ್ಲಿ ಯಾರ ಪರವನ್ನೂ ವಹಿಸುವುದಿಲ್ಲ ಎಂಬ ಮಾತಿಗೆ ಬಹಳ ಮರ್ಯಾದೆ ಇದೆ. ಇಂಥವರಿಗೆ ಮತ ಕೊಡಿ ಎಂದು ಸಂಪಾದಕೀಯದಲ್ಲೇ ಬರೆಯುವ ಅಮೆರಿಕದ ಪದ್ಧತಿ ಇಲ್ಲಿ ಬೇರೂರಲಿಲ್ಲ. ಅದನ್ನು ಸಂಯಮವೆಂದು ಹೊಗಳುವವರು ಸಂಪಾದಕೀಯವನ್ನಷ್ಟೇ ಓದುತ್ತಾರೆ. ಒಳಪುಟ ತಿರುವಿದರೆ ಬೆಂಬಲ ಸಿಗುತ್ತದೆ, ಸಹಿ ಮಾತ್ರ ಸಿಗುವುದಿಲ್ಲ.

ಆ ಒಳಪುಟದ ಹೆಸರು ‘ಕ್ಷೇತ್ರ ಪರಿಚಯ’. ಚುನಾವಣೆ ಘೋಷಣೆಯಾದೊಡನೆ ಗದಗ ಜಿಲ್ಲೆಯ ರೋಣದ್ದೂ ನರಗುಂದದ್ದೂ ಬರುತ್ತದೆ: ಮತದಾರರ ಸಂಖ್ಯೆ, ಹಿಂದೆ ಗೆದ್ದವರು, ಟಿಕೆಟ್ ಆಕಾಂಕ್ಷಿಗಳು, ಜೊತೆಗೊಂದು ಜಾತಿಯ ಸಾಲು. ಪತ್ರಿಕೆ ಯಾವುದಾದರೂ ಆ ಸಾಲಿನ ಅಚ್ಚು ಹೆಚ್ಚುಕಡಿಮೆ ಒಂದೇ: ‘ಕ್ಷೇತ್ರದಲ್ಲಿ ಲಿಂಗಾಯತರ ಮತಗಳೇ ನಿರ್ಣಾಯಕ, ಪರಿಶಿಷ್ಟರ ಮತಗಳನ್ನು ಸೆಳೆದವರಿಗೆ ಹಾದಿ ಸುಗಮ.’

ಈ ಸಾಲಿನ ವ್ಯಾಕರಣವನ್ನು ನಿಧಾನವಾಗಿ ನೋಡಬೇಕು. ಮೊದಲ ಅರ್ಧದಲ್ಲಿ ಮತಗಳು ಪ್ರಥಮಾ ವಿಭಕ್ತಿಯಲ್ಲಿವೆ, ನಿರ್ಣಯಿಸುವ ಅಧಿಕಾರ ಅವುಗಳದ್ದು. ಎರಡನೇ ಅರ್ಧದಲ್ಲಿ ಅದೇ ‘ಮತಗಳು’ ದ್ವಿತೀಯಾ ವಿಭಕ್ತಿಗೆ ಇಳಿಯುತ್ತವೆ: ‘ಮತಗಳನ್ನು’. ಅವು ಏನನ್ನೂ ಮಾಡುವುದಿಲ್ಲ, ಅವನ್ನು ಇನ್ನೊಬ್ಬರು ಸೆಳೆಯುತ್ತಾರೆ. ಒಂದು ಕೇರಿಯವರು ತೀರ್ಮಾನಿಸುತ್ತಾರೆ, ಇನ್ನೊಂದು ಕೇರಿಯವರು ಎಳೆಸಿಕೊಳ್ಳುತ್ತಾರೆ. ಊರಿನ ಚಾದಂಗಡಿಯಲ್ಲಿ ಯಾರು ಒಳಗೆ, ಯಾರು ಹೊರಗೆ ಎಂದು ಗೆರೆ ಎಳೆದ ಕೈಯೇ ಈ ಅಲ್ಪವಿರಾಮವನ್ನೂ ಹಾಕಿದೆ. ‘ಮತಗಳೇ’ ಎಂಬಲ್ಲಿನ ‘ಏ’ ಉಳಿದವರನ್ನು ಕಟ್ಟೆಯಿಂದ ಕೆಳಗಿಳಿಸುತ್ತದೆ.

ಇನ್ನು ಲೆಕ್ಕ. 1951ರಿಂದೀಚಿನ ಜನಗಣತಿಗಳು ಜಾತಿವಾರು ಎಣಿಸಿ ಪ್ರಕಟಿಸಿದ್ದು ಪರಿಶಿಷ್ಟ ಜಾತಿ ಮತ್ತು ಪಂಗಡಗಳನ್ನು ಮಾತ್ರ. ಅಂದರೆ ಈ ಸಾಲಿನಲ್ಲಿ ಸರ್ಕಾರಿ ಅಂಕಿ ಇರುವುದು ‘ಸೆಳೆಯಲ್ಪಡುವ’ವರಿಗೆ. ‘ನಿರ್ಣಾಯಕ’ರ ಸಂಖ್ಯೆ ಬರುವುದು ಪಕ್ಷದ ಮುಖಂಡರ ಬಾಯಿಂದ, ಅದೂ ಅವರು ಟಿಕೆಟ್ ಕೇಳುವ ಹೊತ್ತಿನಲ್ಲಿ. ಆ ಸಂಖ್ಯೆಯನ್ನು ಅಚ್ಚು ಹಾಕಿದಾಗ ಟಿಕೆಟ್ ಯಾವ ಜಾತಿಗೆ ಸಲ್ಲಬೇಕೆಂದು ಪತ್ರಿಕೆ ಶಿಫಾರಸು ಮಾಡಿದಂತಾಯಿತು. ಗದಗ ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ ಶಿರಹಟ್ಟಿ ಪರಿಶಿಷ್ಟರಿಗೆ ಮೀಸಲು. ಉಳಿದ ಮೂರರ ಪರಿಚಯದಲ್ಲಿ ದಲಿತ ಆಕಾಂಕ್ಷಿಯ ಹೆಸರನ್ನು ಓದುಗರು ಹುಡುಕಿ ನೋಡಲಿ.

ಇದನ್ನು ಸಮರ್ಥಿಸುವ ವಿಮರ್ಶಕರು ಪತ್ರಿಕೆ ಬರೀ ಕನ್ನಡಿ ಎನ್ನುತ್ತಾರೆ. ಹಾಗಿದ್ದರೆ ರೋಣವನ್ನೇ ನೋಡಬಹುದು. 2008ರಲ್ಲಿ ಕಳಕಪ್ಪ ಬಂಡಿ, 2013ರಲ್ಲಿ ಜಿ.ಎಸ್. ಪಾಟೀಲ, 2018ರಲ್ಲಿ ಮತ್ತೆ ಬಂಡಿ, 2023ರಲ್ಲಿ ಮತ್ತೆ ಪಾಟೀಲ. ನಿರ್ಣಾಯಕವೆನ್ನುವ ಮತಗಳು ಅಲ್ಲೇ ಇದ್ದವು, ಫಲಿತಾಂಶ ಮಾತ್ರ ಪ್ರತಿ ಸಲವೂ ಮಗುಚಿತು. ಮಗುಚಿದವರು ಯಾರು? ಕನ್ನಡಿಯಾಗಿದ್ದರೆ ಅವರ ಮುಖವೂ ಅದರಲ್ಲಿ ಕಾಣಬೇಕಿತ್ತು.

ಬಹಿರಂಗವಾಗಿ ಪರ ವಹಿಸುವ ಅಮೆರಿಕದಲ್ಲೂ ವರ್ಣಭೇದದ ಕಾಲದಲ್ಲಿ ಪತ್ರಿಕೆಗಳು ಮಾಡಿದ ಪಾಪ ಸಣ್ಣದಲ್ಲ. ಆದರೂ ಹೆಸರು ಹಿಡಿದು ಬರೆದದ್ದಕ್ಕೆ ಹೆಸರು ಹಿಡಿದು ಲೆಕ್ಕ ಕೇಳಬಹುದಾಗಿತ್ತು. ಲಿಂಕನ್ನರ ಪಕ್ಷಕ್ಕೇ ಕಟ್ಟುಬಿದ್ದಿದ್ದ ಕಪ್ಪು ಮತದಾರರಿಗೆ, ಇನ್ನು ಲಿಂಕನ್ನರ ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿ ಎಂದು 1932ರಲ್ಲಿ ಕರೆ ಕೊಟ್ಟವರು ‘ಪಿಟ್ಸ್‌ಬರ್ಗ್ ಕೊರಿಯರ್’ ಎಂಬ ಕಪ್ಪು ಜನರ ಪತ್ರಿಕೆಯ ಸಂಪಾದಕ ರಾಬರ್ಟ್ ವಾನ್. ಎದುರು ಪಕ್ಷದ ರೂಸ್‌ವೆಲ್ಟ್ ಗೆದ್ದ ಮೇಲೆ ಅವರಿಗೆ ಸರ್ಕಾರಿ ಹುದ್ದೆಯೂ ಸಿಕ್ಕಿತು. 1940ರಲ್ಲಿ ಅದೇ ವಾನ್ ರೂಸ್‌ವೆಲ್ಟರನ್ನು ಬಿಟ್ಟು ಎದುರಾಳಿ ವಿಲ್ಕಿಯ ಪರ ನಿಂತರು. ನಿಲುವು, ಅದರ ಫಲ, ಅದರ ತಿರುವು ಮೂರೂ ಓದುಗರ ಎದುರಿಗೇ ಇದ್ದವು. 1957ರಲ್ಲಿ ಲಿಟಲ್ ರಾಕ್‌ನ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಹೋಗುವುದನ್ನು ಗವರ್ನರ್ ಫಾಬಸ್ ತಡೆದಾಗ ‘ಅರ್ಕಾನ್ಸಾ ಗೆಜೆಟ್’ ಅವರನ್ನು ಎದುರಿಸಿ ಬರೆದು ಚಂದಾದಾರರನ್ನು ಕಳೆದುಕೊಂಡಿತು. ಕೆಂಟಕಿಯ ‘ಲೆಕ್ಸಿಂಗ್ಟನ್ ಹೆರಾಲ್ಡ್-ಲೀಡರ್’ ಹಕ್ಕುಗಳ ಹೋರಾಟವನ್ನು ತಾನು ವರದಿ ಮಾಡದೆ ಬಿಟ್ಟಿದ್ದಕ್ಕೆ 2004ರಲ್ಲಿ ಮೊದಲ ಪುಟದಲ್ಲೇ ವಿಷಾದಿಸಿತು. ನಮ್ಮಲ್ಲಿ? ತಾವು ಹೊರತಂದ ‘ಮೂಕನಾಯಕ’ದ ಜಾಹೀರಾತನ್ನು ದುಡ್ಡು ಕೊಟ್ಟರೂ ಮರಾಠಿಯ ‘ಕೇಸರಿ’ ಹಾಕಲಿಲ್ಲವೆಂದು ಬರೆದಿಡಲು ಅಂಬೇಡ್ಕರರೇ ಬೇಕಾಯಿತು.

ಬಹಿರಂಗವಾಗಿ ಪಕ್ಷ ವಹಿಸಿದ ಕನ್ನಡ ಪತ್ರಿಕೆಯೊಂದಿತ್ತಲ್ಲ ಎಂದರೆ ಎಲ್ಲರೂ ‘ಲಂಕೇಶ್ ಪತ್ರಿಕೆ’ಯತ್ತ ಕೈತೋರುತ್ತಾರೆ. ಸರಿಯೇ. ಜಾಹೀರಾತಿಲ್ಲದೆ ಬದುಕಿದ ಆ ವಾರಪತ್ರಿಕೆ ಮುಖ್ಯಮಂತ್ರಿ ಗುಂಡೂರಾವ್ ಆಡಳಿತವನ್ನು ನೇರವಾಗಿ ವಿರೋಧಿಸಿತು, ಅವರ ನಂತರ ಮುಖ್ಯಮಂತ್ರಿಯಾದ ಹೆಗಡೆಯವರನ್ನೂ ಬಿಡಲಿಲ್ಲ. ಆ ಧೈರ್ಯಕ್ಕೆ ಗೌರವ ಸಲ್ಲಬೇಕು. ಒಪ್ಪಲಾಗದ್ದು ಬೆಂಗಳೂರಿನ ವಿಮರ್ಶಕರು ಕಟ್ಟಿದ ಕಥೆ: ಸರ್ಕಾರವನ್ನು ಉರುಳಿಸಿದ್ದೇ ಪತ್ರಿಕೆ ಎಂಬುದು. ಪತ್ರಿಕೆ ಹುಟ್ಟಿದ್ದು 1980ರ ಜುಲೈ ಮೊದಲ ವಾರದಲ್ಲಿ. ಜುಲೈ 21ರಂದು ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿ ಎಂಬ ತೆರಿಗೆಯ ವಿರುದ್ಧ ನರಗುಂದ, ನವಲಗುಂದದ ರೈತರು ಬೀದಿಗಿಳಿದರು. ಗೋಲಿಬಾರಿನಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಪ್ರಾಣ ಕೊಟ್ಟರು. ಆಗ ಪತ್ರಿಕೆಗೆ ಎರಡು-ಮೂರು ವಾರದ ಪ್ರಾಯ. ಪೆಟ್ಟು ಬಿದ್ದದ್ದು ಈ ಕರಿಮಣ್ಣಿನಲ್ಲಿ. 1983ರ ಜನವರಿಯಲ್ಲಿ ಗುಂಡೂರಾವ್ ತಮ್ಮ ಕ್ಷೇತ್ರದಲ್ಲೇ ಸೋತಾಗ ಕೀರ್ತಿ ಹೋದದ್ದು ಮಾತ್ರ ರಾಜಧಾನಿಗೆ. ಹೀಗೆ ಕೀರ್ತಿ ಹಂಚಿದವರೂ ಕ್ಷೇತ್ರ ಪರಿಚಯದ ವಿಭಕ್ತಿಯನ್ನೇ ಬಳಸಿದ್ದಾರೆ: ಬರೆದವರು ಕರ್ತೃ, ಸತ್ತವರು ಕರ್ಮ.

ಕ್ಷೇತ್ರ ಪರಿಚಯದಲ್ಲಿ ಇಲ್ಲದ್ದನ್ನೂ ಗಮನಿಸಬೇಕು. ಅಸ್ಪೃಶ್ಯತೆ ವಿರುದ್ಧದ 1955ರ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೊಸ ಹೆಸರಿಟ್ಟರು. ಅಂಗಡಿ, ಹೋಟೆಲು, ಬಾವಿ, ಗುಡಿ ಎಲ್ಲಕ್ಕೂ ಅದು ಅನ್ವಯಿಸುತ್ತದೆ. ಗದಗ ಜಿಲ್ಲೆಯ ಗಜೇಂದ್ರಗಡದ ಆಚೆಗೇ ಕೊಪ್ಪಳ ಜಿಲ್ಲೆ. ಅಲ್ಲಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳಲ್ಲಿ ಅವರಿಗೆ ಪ್ರವೇಶ ಕೊಡದಿದ್ದುದೂ ಆ ಜಗಳದ ಬೇರಿನಲ್ಲಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆಗ ದೇಶವೆಲ್ಲ ಸುದ್ದಿಯಾಯಿತು. ಆದರೆ ಕ್ಷೌರದಂಗಡಿಯ ಬಾಗಿಲು ಮುಚ್ಚಿರುವುದು ಯಾವ ಕ್ಷೇತ್ರ ಪರಿಚಯಕ್ಕೂ ‘ಪ್ರಮುಖ ಸಮಸ್ಯೆ’ ಆಗುವುದಿಲ್ಲ. ಕುಡಿಯುವ ನೀರು, ರಸ್ತೆ, ಗುಳೆ ಎಂದು ಪಟ್ಟಿ ಮುಗಿಯುತ್ತದೆ.

ಮುಂದಿನ ಚುನಾವಣೆಗೆ ರೋಣ, ನರಗುಂದ, ಗಜೇಂದ್ರಗಡದ ವರದಿಗಾರರು ಆ ಜಾತಿಯ ಸಾಲನ್ನು ತೆಗೆದುಹಾಕಿ ಅಷ್ಟೇ ಜಾಗದಲ್ಲಿ ಬೇರೆ ಲೆಕ್ಕ ಕೊಡಬಹುದು. ತಮ್ಮ ಠಾಣೆಗಳಲ್ಲಿ ಐದು ವರ್ಷದಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಎಷ್ಟು ದೂರು ದಾಖಲಾದವು, ಎಷ್ಟರಲ್ಲಿ ಶಿಕ್ಷೆಯಾಯಿತು, ಅದಕ್ಕೆ ಶಾಸಕರು ಏನಂದರು? ಅದರ ಕೆಳಗೆ ಸಂಪಾದಕರು ತಮ್ಮ ಆಯ್ಕೆಯನ್ನು ಬರೆದು ಹೆಸರು ಹಾಕಲಿ.