ಕಾಳಿಯ ಆಕಳಿಕೆ ಕಾಣಲಿಲ್ಲ

ಹೋದ ಚಳಿಗಾಲದಲ್ಲಿ ಜರ್ಮನಿಯ ಒಂದು ಊರಿನ ಬ್ಯುರ್ಗರ್‌ಹೌಸ್‌ನಲ್ಲಿ, ಅಂದರೆ ಬಾಡಿಗೆಗೆ ಸಿಗುವ ಸಮುದಾಯ ಭವನದಲ್ಲಿ, ಕನ್ನಡಿಗರೇ ಸೇರಿ ಆಡಿದ 'ಹಯವದನ' ನೋಡಿದೆ. ನಟನೆ ಚೆನ್ನಾಗಿತ್ತು, ಮಾತು ಸ್ಪಷ್ಟವಾಗಿತ್ತು. ಕೆಟ್ಟದ್ದು ಒಂದೇ ದೃಶ್ಯ. ಅದನ್ನು ಕೆಡಿಸಿದ್ದು ಐವತ್ತು ಯೂರೋ ಆಸುಪಾಸಿನ ಒಂದು ಹೊಗೆ ಯಂತ್ರ.

ದೃಶ್ಯ ನಿಮಗೆ ನೆನಪಿರಬಹುದು. ದೇವದತ್ತ ಮತ್ತು ಕಪಿಲ ಕಾಳಿಯ ಗುಡಿಯಲ್ಲಿ ತಲೆ ಕಡಿದುಕೊಂಡಿದ್ದಾರೆ. ಪದ್ಮಿನಿಯೂ ಕತ್ತಿ ಎತ್ತುತ್ತಾಳೆ. ಆಗ ಕಾಳಿ ಕಾಣಿಸಿಕೊಳ್ಳುತ್ತಾಳೆ: ಚಾಚಿದ ಕೈಗಳು, ಅಗಲವಾಗಿ ತೆರೆದ ಬಾಯಿ. ನಾವು ಹೆದರಬೇಕು ಅನ್ನುವಷ್ಟರಲ್ಲಿ ಬಾಯಿ ಮುಚ್ಚುತ್ತದೆ. ಅದು ಕೋಪವಲ್ಲ, ಆಕಳಿಕೆ! ದೇವಿಗೆ ನಿದ್ದೆ. ಗಿರೀಶ ಕಾರ್ನಾಡರ ಇಡೀ ನಾಟಕದಲ್ಲಿ ಇದಕ್ಕಿಂತ ತುಂಟ ಕ್ಷಣ ಇನ್ನೊಂದಿಲ್ಲ.

ಆ ದಿನ ನಮಗೆ ಕಂಡಿದ್ದು ಬಿಳಿ ಮೋಡ. ಯಂತ್ರ ಬುಸ್ಸೆಂದಿತು, ಕೆಂಪು ದೀಪ ಹತ್ತಿತು, ಕಾಳಿಯ ಮೊದಲ ಮಾತು ಆ ಸದ್ದಿನಲ್ಲಿ ಮುಳುಗಿತು. ನನ್ನ ಪಕ್ಕದಲ್ಲಿದ್ದ ಏಳೆಂಟು ವರ್ಷದ ಹುಡುಗಿ ಅಮ್ಮನನ್ನು ಕೇಳಿದಳು: "ಕಾಳಿ ಎಲ್ಲಿ?" ಹೊಗೆ ತಿಳಿಯಾಗುವ ಹೊತ್ತಿಗೆ ನಗಬೇಕಾದ ಕ್ಷಣ ಕಳೆದುಹೋಗಿತ್ತು.

ಇದು ಸಣ್ಣ ದೂರಲ್ಲ. ಇಲ್ಲಿ ಬೆಳೆಯುವ ಮಕ್ಕಳಿಗೆ, ಕನ್ನಡ ಕಲಿಯುತ್ತಿರುವ ನಿಮ್ಮಲ್ಲಿ ಹಲವರಿಗೆ, ನಾಟಕದ ಕನ್ನಡ ಪೂರ್ತಿ ಕಿವಿಯಿಂದ ಬರುವುದಿಲ್ಲ. ಅರ್ಧ ಮಾತಿನಿಂದ, ಇನ್ನರ್ಧ ನಟರ ಮುಖದಿಂದ. ಮುಖ ಮುಚ್ಚಿದರೆ ಅವರಿಗೆ ಅರ್ಧ ಭಾಷೆಯನ್ನೇ ಕಸಿದ ಹಾಗೆ.

ಹಾಗಂತ ನಾನು ಮಬ್ಬಿನ ವಿರೋಧಿ ಅಲ್ಲ. ಊರಿನ ಹಳೆ ಹೆಂಚಿನ ಮನೆ ನೋಡಿದ್ದೀರಾ? ಮಾಡಿನಲ್ಲಿ ಒಂದು ಗಾಜಿನ ಹೆಂಚು, ಕೆಳಗೆ ಸೌದೆ ಒಲೆ. ಬೆಳಗ್ಗೆ ಆ ಗಾಜಿನಿಂದ ಒಂದು ಬಿಸಿಲುಕೋಲು ನೆಲದ ತನಕ ಇಳಿದಿರುತ್ತೆ. ಬೆಳಕು ತಾನಾಗಿ ಕಾಣುವಂಥದ್ದಲ್ಲ. ಗಾಳಿಯಲ್ಲಿ ತೇಲುವ ಕಣಗಳು ಅದನ್ನು ನಮ್ಮ ಕಣ್ಣಿನ ಕಡೆ ಚೆದುರಿಸುವುದರಿಂದ ಕೋಲು ಕಾಣುತ್ತೆ. ರಂಗದ ಮೇಲೆ ಬೇಕಿರುವುದೂ ಇಷ್ಟೇ: ಕಣ್ಣಿಗೆ ಬೀಳದಷ್ಟು ತೆಳುವಾದ, ಎಲ್ಲ ಕಡೆ ಸಮನಾಗಿ ಹರಡಿದ ಮಬ್ಬು. ಇದನ್ನು ಕೊಡುವ ಯಂತ್ರ ಹೇಜರ್. ಅಗ್ಗದ ಹೊಗೆ ಯಂತ್ರದ ಕೆಲಸ ಬೇರೆ. ಅದು ನೀರು-ಗ್ಲೈಕಾಲ್ ದ್ರವವನ್ನು ಕಾಯಿಸಿ ಒಮ್ಮೆಲೇ ಮೋಡ ಉಗುಳುತ್ತೆ, ಮತ್ತೆ ಕಾಯಲು ನಿಲ್ಲುತ್ತೆ. ನಮ್ಮ ತಂಡಗಳು ಒಂದನ್ನು ಬಯಸಿ ಇನ್ನೊಂದನ್ನು ಕೊಳ್ಳುತ್ತಿವೆ.

ಜರ್ಮನಿಯ ರಂಗಭೂಮಿ ಈ ವ್ಯತ್ಯಾಸವನ್ನು ದುಡ್ಡು ಸುರಿದು ಕಲಿತಿದೆ. 1876ರಲ್ಲಿ ಬೈರೋಯ್ಟ್‌ನಲ್ಲಿ ವಾಗ್ನರ್ ತನ್ನ 'ರಿಂಗ್' ಸರಣಿಯನ್ನು ಮೊದಲ ಬಾರಿ ಪೂರ್ತಿ ಆಡಿಸಿದಾಗ, ದೃಶ್ಯ ಬದಲಾಗುವುದನ್ನು ಮುಚ್ಚಲು ಬಾಯ್ಲರ್‌ನಿಂದ ಹಬೆ ತಂದು ರಂಗದ ಮೇಲೆ ಬಿಟ್ಟರು. ಹಬೆಯ ಸದ್ದು ಸಂಗೀತಕ್ಕೇ ಅಡ್ಡ ಬಂತು. ಅದು ಮರೆಮಾಡುವ ಹೊಗೆ. 1967ರಲ್ಲಿ ವೀಸ್‌ಬಾಡೆನ್‌ನಲ್ಲಿ ಪ್ರಾಗ್‌ನ ರಂಗವಿನ್ಯಾಸಕ ಯೋಸೆಫ್ ಸ್ವೊಬೊಡಾ ಅದೇ ವಾಗ್ನರ್‌ನ 'ಟ್ರಿಸ್ಟಾನ್ ಮತ್ತು ಇಸೋಲ್ಡೆ'ಗೆ ಗಾಳಿಯಲ್ಲಿ ಸೂಕ್ಷ್ಮ ಹನಿಗಳನ್ನು ತೇಲಿಬಿಟ್ಟು, ಕಡಿಮೆ ವೋಲ್ಟೇಜಿನ ದೀಪಗಳಿಂದ ಬೆಳಕಿನ ಕಂಬವನ್ನೇ ನಿಲ್ಲಿಸಿದ. ಇದು ತೋರಿಸುವ ಮಬ್ಬು. ನಮ್ಮ ಬ್ಯುರ್ಗರ್‌ಹೌಸ್ ರಂಗಗಳು ಇನ್ನೂ 1876ರಲ್ಲೇ ಇವೆ.

ಕಡಿಮೆ ದುಡ್ಡಿನಲ್ಲಿ ಇದನ್ನು ಮಾಡಬಹುದಾ? ಮಾಡಬಹುದು. ಯಂತ್ರ ಕೊಳ್ಳಬೇಡಿ, ನೀರು ಆಧಾರಿತ ಹೇಜರ್ ಅನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ. ಹೊಗೆ ಯಂತ್ರವೇ ಕೈಲಿದ್ದರೆ ದೃಶ್ಯದ ಮಧ್ಯೆ ಒತ್ತಬೇಡಿ. ಜನ ಒಳಗೆ ಬರುವ ಮುಂಚೆ, ಫ್ಯಾನಿನ ಮುಂದಿಟ್ಟು ಚಿಕ್ಕ ಚಿಕ್ಕ ಗುಟುಕಾಗಿ ಬಿಟ್ಟು, ಹರಡಲು ಸಮಯ ಕೊಡಿ. ದೀಪವನ್ನು ಎದುರಿನಿಂದ ಹಾಕಿದರೆ ಮಬ್ಬು ಬಿಳಿ ಗೋಡೆಯಾಗುತ್ತೆ. ಹಿಂದಿನಿಂದ ಅಥವಾ ಪಕ್ಕದಿಂದ ಹಾಕಿ, ಹಿನ್ನೆಲೆಗೆ ಕಪ್ಪು ಬಟ್ಟೆ ಕಟ್ಟಿ. ಆಗ ಎರಡೇ ದೀಪ ಸಾಕು. ಡ್ರೈ ಐಸ್ ತರುವ ಯೋಚನೆ ಬಿಡಿ. ಅದರಿಂದ ಏಳುವ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ಕೂಡಿಕೊಳ್ಳುತ್ತೆ. ನಮ್ಮ ಮಕ್ಕಳು ಕೂರುವುದು ಮುಂದಿನ ಚಾಪೆಯ ಮೇಲೆ. ಮುಂದಿನ ಸಾಲಿನಲ್ಲಿ ಆಸ್ತಮಾ ಇರುವ ಅಜ್ಜಿ ತಾತ ಇರುತ್ತಾರೆ ಅನ್ನುವುದನ್ನೂ ಮರೆಯಬೇಡಿ. ಏನೇ ಬಿಡುವುದಿದ್ದರೂ ಬಾಗಿಲಲ್ಲಿ ಒಂದು ಸೂಚನೆ ಹಾಕಿ.

ಎಲ್ಲಕ್ಕಿಂತ ಮೊದಲು ಹೌಸ್‌ಮೈಸ್ಟರ್ ಹತ್ತಿರ ಮಾತಾಡಿ. ಚಾವಣಿಯಲ್ಲಿರುವ ಹೊಗೆ ಪತ್ತೆಕಾರಕ ಸಾಮಾನ್ಯವಾಗಿ ಹೇಗೆ ಕೆಲಸ ಮಾಡುತ್ತೆ ಗೊತ್ತಾ? ಒಳಗೆ ಒಂದು ಕತ್ತಲ ಗೂಡು, ಅದರಲ್ಲಿ ಒಂದು ಬೆಳಕಿನ ಎಳೆ. ಕಣಗಳು ಒಳಗೆ ಬಂದು ಬೆಳಕನ್ನು ಚೆದುರಿಸಿದರೆ ಗಂಟೆ ಬಾರಿಸುತ್ತೆ. ಅಂದರೆ ಬಿಸಿಲುಕೋಲಿನದೇ ತತ್ವ. ನಿಮ್ಮ ಪ್ರೇಕ್ಷಕರಿಗೆ ಚೆಂದ ಕಂಡದ್ದೇ ಅದಕ್ಕೆ ಬೆಂಕಿಯಾಗಿ ಕಾಣುತ್ತೆ. ಅಗ್ನಿಶಾಮಕ ದಳ ಸುಮ್ಮನೆ ಬಂದು ಹೋದರೂ ನೂರಾರು ಯೂರೋ ಬಿಲ್ಲು ಬರಬಹುದು, ಮುಂದಿನ ವರ್ಷ ಹಾಲ್ ಸಿಗದೇ ಹೋಗಬಹುದು. ಪತ್ತೆಕಾರಕಕ್ಕೆ ಪ್ಲಾಸ್ಟಿಕ್ ಕಟ್ಟುವ ಜಾಣತನವಂತೂ ಬೇಡವೇ ಬೇಡ. ಆ ಭಾಗದ ಅಲಾರಂ ನಿಲ್ಲಿಸುವ ಅಧಿಕಾರ ಇರುವುದು ಕಟ್ಟಡದವರಿಗೆ ಮಾತ್ರ. ಅದಕ್ಕೆ ಅವರು ಅಗ್ನಿ ಕಾವಲು ಬೇಕು ಅನ್ನಬಹುದು, ಅದಕ್ಕೂ ಖರ್ಚಿದೆ. ಆಗಲ್ಲ ಅಂದರೆ ಆಗಲ್ಲ.

ಆಗಲ್ಲ ಅಂದಾಗ ಏನು ಮಾಡೋದು? ನನ್ನ ನಿಜವಾದ ತಕರಾರು ಇರುವುದು ಇಲ್ಲೇ. ತಂಡದವರು ಉತ್ತರವನ್ನು ಅಂಗಡಿಯಲ್ಲಿ ಹುಡುಕಿದರು, ಅದು ನಾಟಕದೊಳಗೇ ಇತ್ತು. 'ಹಯವದನ'ದ ಕಥೆ 'ಕಥಾಸರಿತ್ಸಾಗರ'ದ್ದು. ಅದು ಜರ್ಮನಿಯ ಥಾಮಸ್ ಮನ್ ಕೈಯಲ್ಲಿ 1940ರಲ್ಲಿ ಕಿರು ಕಾದಂಬರಿಯಾಗಿ, ಅಲ್ಲಿಂದ ಕಾರ್ನಾಡರಿಗೆ ಬಂತು. ಆದರೆ ಅದನ್ನು ರಂಗಕ್ಕೆ ಏರಿಸಲು ಅವರು ತಂದದ್ದು ನಮ್ಮ ಯಕ್ಷಗಾನದ ತೆರೆಯನ್ನು: ಇಬ್ಬರು ಹಿಡಿದು ನಿಲ್ಲುವ ಒಂದು ತುಂಡು ಬಟ್ಟೆ. ಕಾಳಿ ಆ ತೆರೆಯ ಹಿಂದಿನಿಂದ ಬರುತ್ತಾಳೆ. ಕೊನೆಯಲ್ಲಿ ಪದ್ಮಿನಿ ಬೆಂಕಿಗೆ ಹೋಗುವಾಗಲೂ ನಾಟಕ ಕೇಳುವುದು ಜ್ವಾಲೆ ಚಿತ್ರಿಸಿದ ತೆರೆಯನ್ನು. ಯಕ್ಷಗಾನದಲ್ಲಿ ರಕ್ಕಸ ಬರುವಾಗ ದೊಂದಿಗೆ ರಾಳ ಎರಚುವ ರೂಢಿಯೂ ಇತ್ತು, ನಿಜ. ಆದರೆ ಅದು ತೆರೆದ ಬಯಲು, ರಾಳ ಭಗ್ಗೆಂದು ಹತ್ತಿ ಮುಖವನ್ನು ಬೆಳಗುತ್ತಿತ್ತು, ಮುಚ್ಚುತ್ತಿರಲಿಲ್ಲ.

ಮಬ್ಬು ಬೇಕಾಗಿದ್ದ ಜಾಗ ಒಂದಿತ್ತು: ಪದ್ಮಿನಿ ಮಗುವನ್ನೆತ್ತಿಕೊಂಡು ಕಪಿಲನನ್ನು ಹುಡುಕಿ ಕಾಡಿಗೆ ಬರುವ ದೃಶ್ಯ. ಅಲ್ಲಿ ಪಕ್ಕದಿಂದ ಒಂದು ಬೆಳಕಿನ ಕೋಲು ಬಿದ್ದಿದ್ದರೆ ಕಾಡು ಕಂಡುಬಿಡುತ್ತಿತ್ತು. ಅಲ್ಲಿ ಮಾತ್ರ ಟ್ಯೂಬ್‌ಲೈಟ್‌ನಂಥ ಬಿಳಿ ಬೆಳಕು.

ಆ ತಂಡ ಈ ನಾಟಕವನ್ನು ಮತ್ತೆ ಆಡಲಿ ಅಂತ ನನ್ನ ಆಸೆ. ಯಂತ್ರವನ್ನು ಮನೆಯಲ್ಲೇ ಬಿಟ್ಟು, ಎರಡು ಮೀಟರ್ ಬಟ್ಟೆ ಮತ್ತು ಒಂದು ಡಬ್ಬಿ ಕೆಂಪು ಬಣ್ಣ ತರಲಿ. ತೆರೆ ಹಿಡಿಯಲು ಆ ಹುಡುಗಿಯನ್ನೇ ಕರೆಯಲಿ. ಕಾಳಿ ಆಕಳಿಸುವುದು ಅವಳಿಗೆ ಎಲ್ಲರಿಗಿಂತ ಹತ್ತಿರದಿಂದ ಕಾಣುತ್ತೆ.